ಮಲಂಗಗಡದ ಮೇಲೆ ಏಳು ಸೂರ್ಯರು

ಮೇ ತಿಂಗಳ ಮೂರನೇ ವಾರ, ರಾತ್ರಿ ಹತ್ತು ಗಂಟೆ. ಡೊಂಬಿವಲಿ ಪೂರ್ವದ ಒಂದು ಸೊಸೈಟಿಯ ಟೆರೇಸು. ಲಿಫ್ಟು ಏಳನೇ ಮಹಡಿಗೇ ನಿಂತುಬಿಟ್ಟಿತು, ಕೊನೆಯ ಮೆಟ್ಟಿಲುಗಳನ್ನು ನೀವು ಹತ್ತಿಯೇ ಬಂದಿರಿ. ಚಪ್ಪಲಿ ಬಿಟ್ಟರೆ ಅಂಗಾಲು ಚುರ್ ಅನ್ನುತ್ತದೆ; ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ಈಗ ಅದನ್ನು ಕಕ್ಕುತ್ತಿದೆ. ನೀರಿನ ಟಾಕಿಯ ಪಕ್ಕದಲ್ಲಿ ಎದೆಯೆತ್ತರದ ಬಿಳಿ ಕೊಳವೆಯೊಂದು ಮರದ ತಿರುಗುಪೀಠದ ಮೇಲೆ ಕೂತಿದೆ. ಆರಿಂಚಿನ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪು. ಮನೆಯೊಳಗಿನ ಬಿಸಿ ಅದರ ಗಾಜಿನಲ್ಲೂ ಉಳಿದಿದೆ. ಅದು ತಣಿಯುವವರೆಗೆ ನಕ್ಷತ್ರಗಳು ನೆಟ್ಟಗೆ ನಿಲ್ಲುವುದಿಲ್ಲ.

ಸುತ್ತ ನೋಡಿ. ಈಶಾನ್ಯಕ್ಕೆ ಕಲ್ಯಾಣದ ಬೆಳಕು, ಪಶ್ಚಿಮಕ್ಕೆ ಠಾಣೆಯದು, ನೈಋತ್ಯಕ್ಕೆ ಶೀಳ್‌ಫಾಟಾದ ಆಚೆ ನವಿ ಮುಂಬಯಿಯದು. ಆಕಾಶದ ಅಂಚೆಲ್ಲ ಕೊಳಕು ಬಿಳುಪಿಗೆ ತಿರುಗಿದೆ. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಬಂದ ಗಾಳಿಯಲ್ಲಿ ಎಂದಿನ ರಾಸಾಯನಿಕದ ಘಾಟು. ಬರಿಗಣ್ಣಿಗೆ ಸಿಗುವ ನಕ್ಷತ್ರಗಳನ್ನು ಎರಡು ಕೈಬೆರಳಲ್ಲಿ ಎಣಿಸಿ ಮುಗಿಸಬಹುದು. ಆಕಾಶಗಂಗೆ ಕಾಣಬೇಕೆಂದರೆ ಕರ್ಜತ್ ಲೋಕಲ್ ಹಿಡಿದು ಬದಲಾಪುರ ದಾಟಿ ವಾಂಗಣಿಗೆ ಹೋಗಬೇಕು. ಮುಂಬಯಿಯ ಖಗೋಳ ಮಂಡಳದವರು ರಾತ್ರಿಯಿಡೀ ಆಕಾಶ ತೋರಿಸಲು ಜನರನ್ನು ಕರೆದುಕೊಂಡು ಹೋಗುವುದು ಆ ಕಡೆಗೇ. ಹಾಗಾದರೆ ಇಲ್ಲೇನು ಕೆಲಸ?

ಇದೆ. ನೀಹಾರಿಕೆ, ಗೆಲಾಕ್ಸಿಗಳಂಥ ಮಬ್ಬು ವಸ್ತುಗಳನ್ನು ಊರಿನ ಬೆಳಕು ನುಂಗಿಹಾಕುತ್ತದೆ, ನಿಜ. ಆದರೆ ಜೋಡಿ ನಕ್ಷತ್ರಗಳಿಗೆ ಕತ್ತಲೆ ಅಷ್ಟಾಗಿ ಬೇಕಿಲ್ಲ. ಅವಕ್ಕೆ ಬೇಕಾದದ್ದು ಅಲ್ಲಾಡದ ಗಾಳಿ. ಮಳೆಗಾಲಕ್ಕೆ ಮುಂಚಿನ ಈ ಉಸಿರುಗಟ್ಟಿಸುವ ರಾತ್ರಿಗಳಲ್ಲಿ, ಎಲೆಯೂ ಅಲುಗದೆ ಎಲ್ಲರೂ ಸೆಖೆಯನ್ನು ಬೈಯುತ್ತಿರುವಾಗ, ಗಾಳಿ ಕೆಲವೊಮ್ಮೆ ಬೆಟ್ಟದ ಮೇಲಿನದಕ್ಕಿಂತ ನಿಶ್ಚಲವಾಗಿರುತ್ತದೆ. ನನ್ನ ಮಟ್ಟಿಗೆ ಡೊಂಬಿವಲಿಯವರ ಖಗೋಳಶಾಸ್ತ್ರ ಎಂದರೆ ಇದೇ. ವಾಂಗಣಿಗೆ ಹೋಗಲಾಗದ್ದಕ್ಕೆ ಮಾಡಿಕೊಂಡ ರಾಜಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಕೆಳಗಿನ ಮನೆಯ ಅಜ್ಜಿ ಮೊಮ್ಮಗಳ ಹೆಗಲು ಹಿಡಿದು ಮೇಲೆ ಬಂದಿದ್ದಾರೆ. ಧಾರವಾಡ ಕಡೆಯವರು. ಮೊಮ್ಮಗಳು ಹತ್ತನೇ ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುತ್ತಿದ್ದಾಳೆ, ಹಾಗಾಗಿ ನಿದ್ದೆಗೆಡಲು ಮನೆಯವರ ಅಪ್ಪಣೆ ಸಿಕ್ಕಿದೆ. ಅಜ್ಜಿಗೆ ಬೇಕಾದದ್ದು ಒಂದೇ.

“ಅರುಂಧತಿ ತೋರ್ಸೋ ತಮ್ಮಾ. ಮದುವ್ಯಾಗ ಭಟ್ಟರು ಬೆಟ್ಟು ಮಾಡಿ ತೋರ್ಸಿದ್ರು, ಹಗಲ ಹನ್ನೆರಡಕ್ಕ! ಕಾಣಸ್ತದ ಅಂತ ಸುಳ್ಳ ಹೇಳಿ ತಲಿ ಅಲ್ಲಾಡಿಸಿದ್ದೆ.”

ಉತ್ತರಕ್ಕೆ ತಿರುಗಿ. ಸಪ್ತರ್ಷಿ ಮಂಡಲದ ಬಾಲದಲ್ಲಿ ನಡುವಿನದು ವಸಿಷ್ಠ, ಈಗ ಸರಿಯಾಗಿ ಉತ್ತರದಲ್ಲಿ, ಅರ್ಧ ಆಕಾಶದಷ್ಟು ಮೇಲಿದೆ. ಬರಿಗಣ್ಣಿಗೆ ಅರುಂಧತಿ ಈ ಬೆಳಕಿನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು. ಕಡಿಮೆ ಶಕ್ತಿಯ ಐಪೀಸು ಹಾಕಿ ಕಣ್ಣಿಟ್ಟರೆ ಎರಡೂ ಒಂದೇ ವೃತ್ತದೊಳಗೆ ಬಂದು ಕೂರುತ್ತವೆ, ಬಿಳಿಯಾಗಿ, ಚೂಪಾಗಿ. ಅಜ್ಜಿ ಬಹಳ ಹೊತ್ತು ನೋಡುತ್ತಾರೆ.

“ವಸಿಷ್ಠನ ಮಗ್ಗಲಾಗ ಇನ್ನೊಂದ ಅದ ಅಲ್ಲೋ. ಅದ್ಯಾರು?”

ಚಾಳೀಸಿನ ಕಣ್ಣಿಗೆ ಇಷ್ಟು ಸಿಕ್ಕಿತಲ್ಲ! ವಸಿಷ್ಠನೇ ಎರಡು ನಕ್ಷತ್ರ. 1617ರಲ್ಲಿ ಗೆಲಿಲಿಯೋನ ಶಿಷ್ಯ ಕಸ್ಟೆಲ್ಲಿ ಇದನ್ನು ಗಮನಿಸಿ ಗುರುವಿಗೆ ಬರೆದಿದ್ದ. ಎರಡರ ನಡುವಿನ ಅಂತರ ಸುಮಾರು 14 ಆರ್ಕ್ ಸೆಕೆಂಡು. ಆರ್ಕ್ ಸೆಕೆಂಡು ಎಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು. ಕಲ್ಯಾಣ್ ಸ್ಟೇಶನ್ನಿನಲ್ಲಿ ಯಾರೋ ಎತ್ತಿಹಿಡಿದ ಹತ್ತು ರೂಪಾಯಿ ನಾಣ್ಯ ಈ ಟೆರೇಸಿನಿಂದ ಎಷ್ಟು ಅಗಲ ಕಾಣಬಹುದೋ ಹೆಚ್ಚುಕಡಿಮೆ ಅಷ್ಟು. ಈ ಲೆಕ್ಕ ನೆನಪಿರಲಿ, ರಾತ್ರಿಯಿಡೀ ಬೇಕಾಗುತ್ತದೆ.

ಕಥೆ ಎರಡಕ್ಕೇ ನಿಲ್ಲಲಿಲ್ಲ. ವಸಿಷ್ಠನ ಆ ಎರಡೂ ಚುಕ್ಕೆಗಳು ಒಂದೊಂದೂ ಜೋಡಿ. 2009ರಲ್ಲಿ ಅರುಂಧತಿಯ ಪಕ್ಕದಲ್ಲೂ ಒಂದು ಮಂಕು ಸಂಗಾತಿ ಪತ್ತೆಯಾಯಿತು. ಒಟ್ಟು ಆರು, ನಮ್ಮಿಂದ ಎಂಬತ್ತು ಚಿಲ್ಲರೆ ಜ್ಯೋತಿರ್ವರ್ಷ ದೂರದಲ್ಲಿ. ಅಜ್ಜಿಗೆ ಇದನ್ನು ಹೇಳಿದರೆ ಅವರು ನಕ್ಕು, “ಅಷ್ಟ ಮಂದಿನ್ನ ಭಟ್ಟರು ಹೆಂಗ ತೋರ್ಸ್ತಾರ” ಅನ್ನುತ್ತಾರೆ, ಮತ್ತೆ ಕಣ್ಣಿಡುತ್ತಾರೆ.

ಅಷ್ಟರಲ್ಲಿ ಸ್ಟೇಶನ್ ಕಡೆಯಿಂದ ಹಾರ್ನು. ಡೊಂಬಿವಲಿಯಲ್ಲಿ ನಿಲ್ಲದ ಯಾವುದೋ ಎಕ್ಸ್‌ಪ್ರೆಸ್ಸು ಪ್ಲಾಟ್‌ಫಾರ್ಮನ್ನು ಸೀಳಿಕೊಂಡು ಹೋಗುತ್ತಿದೆ. ಕಿವಿಗೊಡಿ: ಬರುವಾಗ ಏರಿದ ಸ್ವರ, ದಾಟಿದ ಕ್ಷಣಕ್ಕೆ ತಟ್ಟನೆ ಕೆಳಗಿಳಿಯುತ್ತದೆ. ಈ ಊರಿನಲ್ಲಿ ಹುಟ್ಟಿ ಬೆಳೆದವರು ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಆದರೆ ಅಜ್ಜಿಯ ಪ್ರಶ್ನೆಗೆ ಉಳಿದರ್ಧ ಉತ್ತರ ಈ ಹಾರ್ನಿನಲ್ಲಿದೆ. ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಓದಿದ ಆ ಪ್ರಸಿದ್ಧ ಪ್ರಬಂಧದ ವಿಷಯವೇ ಜೋಡಿ ನಕ್ಷತ್ರಗಳ ಬಣ್ಣ. ನಮ್ಮತ್ತ ಬರುವ ನಕ್ಷತ್ರ ನೀಲಿಯಾಗಿಯೂ ದೂರ ಸರಿಯುವುದು ಕೆಂಪಾಗಿಯೂ ಕಾಣುತ್ತದೆ ಎಂದು ಅವನ ವಾದ. ಬಣ್ಣದ ವಿಷಯದಲ್ಲಿ ಅವನು ಎಡವಿದ. ನಕ್ಷತ್ರದ ಬಣ್ಣವನ್ನು ಮುಖ್ಯವಾಗಿ ಅದರ ಬಿಸಿಯೇ ತೀರ್ಮಾನಿಸುತ್ತದೆ. ಆದರೆ ತತ್ತ್ವ ಸರಿಯಿತ್ತು. 1845ರಲ್ಲಿ ಹಾಲೆಂಡಿನ ಉಟ್ರೆಕ್ಟ್ ಬಳಿ ಬಯ್ಸ್ ಬ್ಯಾಲಟ್ ಎಂಬಾತ ರೈಲಿನ ಮೇಲೆ ಕಹಳೆ ಊದುವವರನ್ನು ಕೂರಿಸಿ, ಹಳಿಯ ಪಕ್ಕ ಸಂಗೀತಗಾರರನ್ನು ನಿಲ್ಲಿಸಿ ಸ್ವರ ಏರಿಳಿಯುವುದನ್ನು ಪರೀಕ್ಷಿಸಿದ. ಆಗಿನ್ನೂ ನಮ್ಮ ಕಡೆ ರೈಲೇ ಇರಲಿಲ್ಲ. ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಹೊರಟದ್ದು 1853ರ ಏಪ್ರಿಲ್ 16ಕ್ಕೆ, ಕಲ್ಯಾಣ ಮುಟ್ಟಿದ್ದು ಮರುವರ್ಷ.

ನಕ್ಷತ್ರದ ಬೆಳಕನ್ನು ರೋಹಿತವಾಗಿ ಹರಡಿದರೆ ನಡುನಡುವೆ ಕಪ್ಪು ಗೆರೆಗಳು. ಎರಡು ನಕ್ಷತ್ರ ಒಂದನ್ನೊಂದು ಸುತ್ತುತ್ತಿದ್ದರೆ, ಒಂದು ಬರುವಾಗ ಇನ್ನೊಂದು ಹೋಗುತ್ತಿರುತ್ತದೆ. ಒಂದೇ ಗೆರೆ ಸೀಳಿ ಎರಡಾಗುತ್ತದೆ, ಮತ್ತೆ ಒಂದಾಗುತ್ತದೆ. 1889ರಲ್ಲಿ ಹಾರ್ವರ್ಡ್‌ನಲ್ಲಿ ಪಿಕರಿಂಗ್ ಮತ್ತು ಆಂಟೋನಿಯಾ ಮೋರಿ ಇದನ್ನು ಮೊತ್ತಮೊದಲು ಹಿಡಿದದ್ದು ವಸಿಷ್ಠನಲ್ಲೇ. ಇಪ್ಪತ್ತೂವರೆ ದಿನಕ್ಕೆ ಒಂದು ಸುತ್ತು ಮುಗಿಸುವ ಆ ಜೋಡಿಯನ್ನು ಯಾವ ಟೆರೇಸಿನ ಟೆಲಿಸ್ಕೋಪೂ ಬಿಡಿಸಲಾರದು.

ಅಜ್ಜಿ ಮಲಗಲು ಹೋದರು. ಮೊಮ್ಮಗಳು ಉಳಿದಳು.

ಹನ್ನೊಂದು ಇಪ್ಪತ್ತೈದು. ದಕ್ಷಿಣಕ್ಕೆ ಹೊಸ ಟವರುಗಳ ಸಾಲಿನ ಮೇಲೆ, ಮುಷ್ಟಿ ಹಿಡಿದು ಕೈ ಚಾಚಿದರೆ ಆ ಒಂದು ಮುಷ್ಟಿಯಷ್ಟು ಎತ್ತರದಲ್ಲಿ, ಕಂದುಗಟ್ಟಿದ ಒಂದು ಪ್ರಕಾಶಮಾನ ನಕ್ಷತ್ರ. ಬೆಂಗಳೂರಿನಲ್ಲಿ ಇನ್ನಷ್ಟು ಮೇಲೆ ಸಿಗುತ್ತದೆ, ದಿಲ್ಲಿಯಲ್ಲಿ ನೆಲಕ್ಕೇ ಅಂಟಿಕೊಳ್ಳುತ್ತದೆ. ನಮ್ಮ ಪಾಲಿಗೆ ಹತ್ತು ಡಿಗ್ರಿ. ಕಿನ್ನರ ರಾಶಿಯ ಆಲ್ಫಾ, ಅಂದರೆ ಆಲ್ಫಾ ಸೆಂಟಾರಿ. ಮೂರು ಸೂರ್ಯರಿರುವ, ನಮಗೆ ಎಲ್ಲರಿಗಿಂತ ಹತ್ತಿರದ ಸಂಸಾರ. ಟೆಲಿಸ್ಕೋಪು ಅಷ್ಟು ಕೆಳಗೆ ಬಗ್ಗಿಸಿದರೆ ನಿಮ್ಮ ಮೊಣಕಾಲು ಬಿಸಿ ಸ್ಲ್ಯಾಬಿಗೆ ಊರಬೇಕು. ಊರಿ. ಐಪೀಸಿನಲ್ಲಿ ಗಾಳಿ ಕೊತಕೊತ ಕುದಿಯುತ್ತಿದೆ, ಆದರೂ ಎರಡು ಬಿಲ್ಲೆಗಳು ಬೇರೆಬೇರೆಯಾಗಿ ಸಿಗುತ್ತವೆ: ಹಳದಿ ಒಂದು, ಕಿತ್ತಳೆ ಕಡೆಗೆ ತಿರುಗಿದ್ದು ಇನ್ನೊಂದು.

ಇದು ಎರಡು ಎಂದು ಕಂಡುಕೊಂಡದ್ದು ನಮ್ಮ ದೇಶದ ನೆಲದಿಂದಲೇ. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿದ್ದ ಫ್ರೆಂಚ್ ಪಾದ್ರಿ ಜಾನ್ ರಿಶೋ ಒಂದು ಧೂಮಕೇತುವನ್ನು ನೋಡಲು ಟೆಲಿಸ್ಕೋಪು ತಿರುಗಿಸಿದ್ದ. ಧೂಮಕೇತು ಈ ನಕ್ಷತ್ರದ ಬಳಿ ಸುಳಿದಾಗ ಇದು ಜೋಡಿಯೆಂದು ಗೊತ್ತಾಯಿತು.

ಜೋಡಿಯೆಂದರೆ ಚಂದ ಮಾತ್ರವಲ್ಲ, ತಕ್ಕಡಿಯೂ ಹೌದು. ಒಂಟಿ ನಕ್ಷತ್ರವನ್ನು ನೇರವಾಗಿ ತೂಗುವ ಉಪಾಯ ಇಲ್ಲವೆನ್ನುವಷ್ಟು ಅಪರೂಪ. ಎರಡಿದ್ದು ಒಂದನ್ನೊಂದು ಸುತ್ತಿದರೆ, ಸುತ್ತಿನ ಅಳತೆಯೂ ಅವಧಿಯೂ ಸೇರಿ ತೂಕ ಹೇಳಿಬಿಡುತ್ತವೆ. ಹುಡುಗಿಯ ಕೈಗೆ ಎರಡು ಅಂಕಿ ಕೊಡಿ. ಈ ಎರಡರ ನಡುವಿನ ಸರಾಸರಿ ದೂರ ಭೂಮಿ–ಸೂರ್ಯರ ದೂರದ ಸುಮಾರು 23.3 ಪಟ್ಟು. ಸುತ್ತಿಗೆ ಹಿಡಿಯುವ ಕಾಲ ಸುಮಾರು 79.8 ವರ್ಷ. ಮೊದಲನೆಯದರ ಘನವನ್ನು ಎರಡನೆಯದರ ವರ್ಗದಿಂದ ಭಾಗಿಸು ಅನ್ನಿ. ಅವಳು ಮೊಬೈಲಿನಲ್ಲಿ ಒತ್ತುತ್ತಾಳೆ: 12,649 ಭಾಗ 6,368.

“1.99 ಬಂತು ಕಾಕಾ.”

ಎರಡೂ ಸೇರಿ ಎರಡು ಸೂರ್ಯರ ತೂಕಕ್ಕೆ ಕೂದಲೆಳೆಯಷ್ಟು ಕಡಿಮೆ. ದೊಡ್ಡದು ನಮ್ಮ ಸೂರ್ಯನಿಗಿಂತ ತುಸು ಭಾರ, ಚಿಕ್ಕದು ತುಸು ಹಗುರ. ಹತ್ತನೇ ತರಗತಿಯ ಗಣಿತದಲ್ಲಿ ಟೆರೇಸಿನ ಮೇಲೆ ಕೂತು ನಕ್ಷತ್ರ ತೂಗಿದ್ದಾಯಿತು. ಹುಡುಗಿ ಅಂಕಿಯನ್ನು ಇನ್ನೊಮ್ಮೆ ಒತ್ತಿ ನೋಡಿಕೊಳ್ಳುತ್ತಾಳೆ. ಮೂರನೆಯದು ಪ್ರಾಕ್ಸಿಮಾ, ಸೂರ್ಯನ ಎಂಟನೇ ಒಂದು ಪಾಲು ತೂಕದ ಕೆಂಪು ಕುಬ್ಜ. 1915ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ರಾಬರ್ಟ್ ಇನ್ನೆಸ್ ಕಂಡುಹಿಡಿದದ್ದು. 4.24 ಜ್ಯೋತಿರ್ವರ್ಷ ದೂರದಲ್ಲಿದ್ದು ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರ ಅದೇ, ಆದರೆ ಈ ಟೆಲಿಸ್ಕೋಪಿಗೆ, ಈ ಮಬ್ಬಿನಲ್ಲಿ, ಸಿಗುವ ಮಾತಿಲ್ಲ. ಉಳಿದೆರಡನ್ನು ಅದು ಸುತ್ತಿಬರಲು ಐದೂವರೆ ಲಕ್ಷ ವರ್ಷದ ಆಸುಪಾಸು.

ಈಗ ಎದ್ದು ನಿಂತು ಮೊಣಕಾಲು ಒರೆಸಿಕೊಳ್ಳಿ. ಸ್ಲ್ಯಾಬು ತಣಿಯುತ್ತಾ ಬಂದಿದೆ. ಒಂದೊಂದೇ ಕಿಟಕಿಯ ದೀಪ ಆರಿದೆ, ಏಸಿಗಳ ಗುಂಯ್ ಸದ್ದು ಮಾತ್ರ ಉಳಿದಿದೆ. ಆ ಏಸಿ ಉಗುಳುವ ಬಿಸಿಗಾಳಿಯ ನೇರಕ್ಕೆ ಟೆಲಿಸ್ಕೋಪು ಇಡಬೇಡಿ. ಟಾಕಿಯ ಈಚೆ ಬದಿಗೆ ಸರಿಸಿ. ಅನುಭವಸ್ಥರು ಸ್ಲ್ಯಾಬಿನ ಮೇಲೆ ನೀರು ಹೊಯ್ಯಿರಿ ಅನ್ನುತ್ತಾರೆ. ಮೇ ತಿಂಗಳಲ್ಲಿ ಟ್ಯಾಂಕರ್ ತರಿಸಿಕೊಳ್ಳುವ ಸೊಸೈಟಿಯಲ್ಲಿ ಆ ಮಾತನ್ನು ಗಟ್ಟಿಯಾಗಿ ಆಡುವಂತಿಲ್ಲ.

ಹತ್ತು ಗಂಟೆಗೆ ಆಗ್ನೇಯದಲ್ಲಿ, ಮಲಂಗಗಡ ಬೆಟ್ಟದ ದಿಕ್ಕಿನಲ್ಲಿ ಏರುತ್ತಿದ್ದ ಚೇಳು ಈಗ ದಕ್ಷಿಣಕ್ಕೆ ಬಂದು ನೆಟ್ಟಗೆ ನಿಂತಿದೆ. ಎದೆಯಲ್ಲಿ ಕೆಂಪು ಜ್ಯೇಷ್ಠಾ. ಅದರ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಬಿಲ್ಲಿನಂತೆ ಬಾಗಿ ನಿಂತ ಮೂರು: ಅನೂರಾಧಾ. ಮೂರರಲ್ಲಿ ಎಲ್ಲಕ್ಕೂ ಮೇಲಿನದು ಬೀಟಾ ಸ್ಕಾರ್ಪಿಯೈ. ಟೆಲಿಸ್ಕೋಪಿನಲ್ಲಿ ಅದು ಥಟ್ಟನೆ ಎರಡಾಗುತ್ತದೆ, ವಸಿಷ್ಠನಷ್ಟೇ ಅಂತರ. ಅಲ್ಲಿ ನಿಲ್ಲಬೇಡಿ. ಅದರ ಪಕ್ಕಕ್ಕೆ, ಎಡಕ್ಕೆ, ಮೂರು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರದಲ್ಲಿ ಇನ್ನೊಂದು ನಕ್ಷತ್ರ ಇರಬೇಕು. ಬರಿಗಣ್ಣಿಗೆ ಇಲ್ಲ, ಠಾಣೆ ಜಿಲ್ಲೆಯ ಬೆಳಕು ಅದನ್ನು ಅಳಿಸಿಹಾಕಿದೆ. ಟೆಲಿಸ್ಕೋಪಿಗೆ ಅಂಟಿಸಿದ ಪುಟ್ಟ ಫೈಂಡರ್ ದುರ್ಬೀನಿನಲ್ಲಿ ಇದೆ. ನ್ಯೂ ಸ್ಕಾರ್ಪಿಯೈ. ಇಡೀ ರಾತ್ರಿ ಕಾದದ್ದು ಇದಕ್ಕಾಗಿ.

ಐಪೀಸು 25 ಮಿಲಿಮೀಟರಿನದು, 48 ಪಟ್ಟು. ನೀಲಿಬಿಳುಪಿನ ಒಂದು ನಕ್ಷತ್ರ, ಪಕ್ಕದಲ್ಲಿ ಅದಕ್ಕಿಂತ ಮಂಕಾದ ಇನ್ನೊಂದು. ನಡುವೆ 41 ಆರ್ಕ್ ಸೆಕೆಂಡು, ಧಾರಾಳವಾಗಿ ಜಾಗ. 18ನೇ ಶತಮಾನದ ಕೊನೆಗೆ ವಿಲಿಯಂ ಹರ್ಷೆಲ್ ತನ್ನ ಪಟ್ಟಿಗೆ ಸೇರಿಸಿಕೊಂಡದ್ದು ಇಷ್ಟನ್ನೇ.

ಐಪೀಸು ಬದಲಿಸಿ. 120 ಪಟ್ಟು. ನೋಟ ಕತ್ತಲಾಗುತ್ತದೆ, ಭೂಮಿ ತಿರುಗುವುದು ಕಣ್ಣಿಗೇ ಕಾಣುತ್ತದೆ; ನಕ್ಷತ್ರ ಅಂಚಿನತ್ತ ಜಾರುತ್ತಲೇ ಇರುತ್ತದೆ, ನೀವು ಕೊಳವೆಯನ್ನು ಮೆತ್ತಗೆ ತಳ್ಳುತ್ತಲೇ ಇರಬೇಕು. ಪ್ರಕಾಶಮಾನವಾದದ್ದನ್ನು ಬಿಡಿ, ಮಂಕಾದದ್ದನ್ನು ನೋಡಿ. ಉದ್ದವಾಗಿದೆಯೇ? ಒಂದು ಉಸಿರು ಹಿಡಿಯಿರಿ. ಗಾಳಿ ನಿಂತ ಒಂದು ಕ್ಷಣಕ್ಕೆ ಅದು ಸೀಳಿಕೊಂಡು ಎರಡು ಸೂಜಿಮೊನೆಗಳಾಗುತ್ತದೆ, ನಡುವೆ ಕೂದಲೆಳೆ ಕಪ್ಪು. 2.4 ಆರ್ಕ್ ಸೆಕೆಂಡು. ಈಗ ಮೂರಾಯಿತು.

ಈ ಮೂರನ್ನು 1847ರಲ್ಲಿ ಕಂಡವನು ಕೂತಿದ್ದದ್ದು ಪುಣೆಯಲ್ಲಿ. ಡೊಂಬಿವಲಿಯಿಂದ ಆಗ್ನೇಯಕ್ಕೆ ಗೆರೆ ಎಳೆದರೆ, ಚೇಳು ಏರಿಬಂದ ದಿಕ್ಕಿನಲ್ಲೇ, ಸಹ್ಯಾದ್ರಿಯ ಆಚೆ, ನೂರು ಚಿಲ್ಲರೆ ಕಿಲೋಮೀಟರು. ವಿಲಿಯಂ ಸ್ಟೀಫನ್ ಜೇಕಬ್ ಕಂಪನಿ ಸರಕಾರದ ಬಾಂಬೆ ಇಂಜಿನಿಯರ್ಸ್ ದಳದವನು, ಕಸುಬು ಸರ್ವೆ. ಡಾಪ್ಲರ್ ಪ್ರಬಂಧ ಓದಿದ ಅದೇ 1842ರಲ್ಲಿ ಅವನು ಪುಣೆಯಲ್ಲಿ ಸ್ವಂತ ವೀಕ್ಷಣಾಲಯ ಹೂಡಿದ. ಐದಡಿ ಉದ್ದದ ಡಾಲಂಡ್ ಟೆಲಿಸ್ಕೋಪಿನಲ್ಲಿ 1845ರಿಂದ ಮೂರು ವರ್ಷ ನೋಡಿ 244 ಜೋಡಿ ನಕ್ಷತ್ರಗಳ ಪಟ್ಟಿ ಸಿದ್ಧಪಡಿಸಿದ. ಅದೇ ಸುಮಾರಿಗೆ ಅಮೆರಿಕದ ಸಿನ್ಸಿನಾಟಿಯಲ್ಲಿ ಆರ್ಮ್ಸ್‌ಬಿ ಮಿಚೆಲ್ ಕೂಡ ಈ ಸೀಳನ್ನು ಕಂಡಿದ್ದ, ಜೋಡಿಗೆ ಇಂದು ಪಟ್ಟಿಗಳಲ್ಲಿ ಅಂಟಿಕೊಂಡಿರುವುದು ಮಿಚೆಲನ ಹೆಸರೇ. ಆದರೆ ಈ ನಕ್ಷತ್ರ ಅಲ್ಲಿಗಿಂತ ಪುಣೆಯಲ್ಲಿ ಎಷ್ಟೋ ಮೇಲೆ ಬರುತ್ತದೆ. ದಖ್ಖನಿನ ಗಾಳಿ ಜೇಕಬನ ಕೈಬಿಟ್ಟಿರಲಿಕ್ಕಿಲ್ಲ.

ನಾಲ್ಕನೆಯದು ಕಷ್ಟದ್ದು. ಬಾರ್ಲೋ ಲೆನ್ಸ್ ಸೇರಿಸಿ, 240 ಪಟ್ಟು. ಈಗ ಪ್ರಕಾಶಮಾನವಾದದ್ದರ ಮೇಲೆ ಗಮನ. ಪುಟ್ಟ ಬಿಲ್ಲೆ, ಸುತ್ತ ತೆಳು ಉಂಗುರ. ಉಂಗುರ ನಡುಗುತ್ತದೆ, ಒಡೆಯುತ್ತದೆ, ಕೂಡುತ್ತದೆ. ಇಲ್ಲಿ ಬೇಕಾದ ಅಂತರ 1.3 ಆರ್ಕ್ ಸೆಕೆಂಡು. ಆರಿಂಚಿನ ಕನ್ನಡಿಗೆ ಮುಕ್ಕಾಲು ಸೆಕೆಂಡು ಬಿಡಿಸುವ ತಾಕತ್ತಿದೆ, ಕಾಗದದ ಮೇಲೆ. ಹುಡುಗಿ ನೋಡಿ “ಒಂದೇ” ಅನ್ನುತ್ತಾಳೆ. ನಿಮಗೂ ಒಂದೇ. ವಾಚ್‌ಮನ್ ಮೇಲೆ ಬಂದು ಟೆರೇಸಿನ ಟ್ಯೂಬ್‌ಲೈಟ್ ಹಾಕುತ್ತಾನೆ, ನಿಮ್ಮೆಲ್ಲರ ಕೂಗಿಗೆ ಹೆದರಿ ಆರಿಸುತ್ತಾನೆ. ಮತ್ತೆ ಕಾಯಿರಿ. ಒಂದೂ ಕಾಲು, ಒಂದೂವರೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಗಾಳಿ ಪೂರ್ತಿ ಸತ್ತುಹೋಗುತ್ತದೆ, ಬಿಲ್ಲೆಗೆ ಇನ್ನೊಂದು ಚಿಕ್ಕ ಬಿಲ್ಲೆ ಅಂಟಿಕೊಂಡದ್ದು ಸ್ಪಷ್ಟವಾಗಿ ಕಾಣುತ್ತದೆ, ಎರಡು ಮೂರು ಎಣಿಸುವಷ್ಟು ಹೊತ್ತು. ನೀವು “ಇದೆ!” ಎಂದು ಎದ್ದು ಅವಳಿಗೆ ಜಾಗ ಬಿಡುವಷ್ಟರಲ್ಲಿ ನಕ್ಷತ್ರ ಜಾರಿಹೋಗಿರುತ್ತದೆ. ತಂದು ನಿಲ್ಲಿಸಿದರೆ ಮತ್ತೆ ಒಂದೇ. ಅವಳು ಐಪೀಸು ಬಿಟ್ಟುಕೊಡುವುದಿಲ್ಲ, ಕೊನೆಗೆ ಅವಳಿಗೂ ಸಿಗುತ್ತದೆ.

ಈ ನಾಲ್ಕನೆಯದನ್ನು 1870ರ ದಶಕದಲ್ಲಿ ಪಟ್ಟಿಗೆ ಸೇರಿಸಿದವನು ಶರ್ಬರ್ನ್ ವೆಸ್ಲಿ ಬರ್ನ್‌ಹ್ಯಾಮ್. ಹಗಲು ಷಿಕಾಗೋದ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರ, ರಾತ್ರಿ ಮನೆಯ ಹಿತ್ತಲಲ್ಲಿ ಆರಿಂಚಿನ ಟೆಲಿಸ್ಕೋಪಿನ ಮುಂದೆ. ಊರ ನಡುವೆ ಕೂತೇ ಅವನು ನೂರಾರು ಹೊಸ ಜೋಡಿಗಳನ್ನು ಹೆಕ್ಕಿದ. ಬೆಳಿಗ್ಗೆ ಏಳರ ಫಾಸ್ಟಿಗೆ ನೇತಾಡಿಕೊಂಡು ಹೋಗಿ ಸಂಜೆ ಎಂಟಕ್ಕೆ ಮನೆ ಸೇರುವ ನಮ್ಮವರಿಗೆ ಇವನಿಗಿಂತ ಒಳ್ಳೆಯ ಕುಲದೇವತೆ ಸಿಗಲಿಕ್ಕಿಲ್ಲ.

ಅಲ್ಲಿಗೆ ಕಣ್ಣಿನ ಕೆಲಸ ಮುಗಿಯಿತು. ನಾಲ್ಕಕ್ಕೆ ಎ, ಬಿ, ಸಿ, ಡಿ ಎಂದು ಹೆಸರು. ಈಗಿನ ಲೆಕ್ಕದಲ್ಲಿ ಎ ಎಂಬುದು ಮೂರು, ಡಿ ಎಂಬುದು ಎರಡು. ಒಟ್ಟು ಏಳು ಸೂರ್ಯರು. ಎ ಒಳಗಿನ ಅತಿ ಬಿಗಿಯಾದ ಜೋಡಿ ಐದೂವರೆ ದಿನಕ್ಕೆ ಒಂದು ಸುತ್ತು; ನೀವು ಸೋಮವಾರದಿಂದ ಶನಿವಾರದವರೆಗೆ ಆಫೀಸಿಗೆ ಹೋಗಿಬರುವುದರೊಳಗೆ ಅಲ್ಲಿ ಒಂದು ವರ್ಷ ಕಳೆದಿರುತ್ತದೆ. ಅದನ್ನು ಹೇಳಿಕೊಟ್ಟದ್ದು ಗೆರೆಗಳ ಓಲಾಟ, ಅದೇ ಹಾರ್ನಿನ ಲೆಕ್ಕ. ಎ ಮತ್ತು ಬಿ ಒಂದನ್ನೊಂದು ಸುತ್ತಲು ನೂರಾರು ವರ್ಷ. ಎ–ಬಿ ಗುಂಪಿಗೂ ಸಿ–ಡಿ ಗುಂಪಿಗೂ ನಡುವೆ ಭೂಮಿ–ಸೂರ್ಯರ ದೂರದ ಸುಮಾರು ಆರು ಸಾವಿರ ಪಟ್ಟು. ಬೆಳಕೇ ಅಲ್ಲಿಂದಿಲ್ಲಿಗೆ ಬರಲು ಒಂದು ತಿಂಗಳಿಗೂ ಮೇಲೆ ಬೇಕು, ಒಂದು ಸುತ್ತಿಗೆ ಲಕ್ಷ ವರ್ಷದ ಮಾತು. ಹತ್ತಿರದವು ತೀರ ಹತ್ತಿರ, ದೂರದವು ತೀರ ದೂರ. ಏಳೂ ಸಮದೂರದಲ್ಲಿ ಗುಂಪುಗಟ್ಟಿದ್ದರೆ ಒಂದರ ಎಳೆತಕ್ಕೆ ಇನ್ನೊಂದು ಸಿಕ್ಕಿ ಯಾವಾಗಲೋ ಒಂದೆರಡು ಹೊರಗೆಸೆಯಲ್ಪಡುತ್ತಿದ್ದವು. ದೊಡ್ಡ ನಕ್ಷತ್ರ ಸಂಸಾರಗಳು ಉಳಿದಿದ್ದರೆ ಹೀಗೆ ಜೋಡಿಯೊಳಗೆ ಜೋಡಿಯಾಗಿಯೇ ಉಳಿದಿರುತ್ತವೆ.

ಇವು ಚಂದ್ರನ ದಾರಿಯ ಹತ್ತಿರವೇ ಇವೆ. ಚಂದ್ರ ಅಡ್ಡ ಬಂದಾಗ ಒಂಟಿ ನಕ್ಷತ್ರ ಒಮ್ಮೆಗೇ ಮಾಯವಾಗುತ್ತದೆ, ಜೋಡಿ ಮೆಟ್ಟಿಲು ಮೆಟ್ಟಿಲಾಗಿ ಆರುತ್ತದೆ. ಅಗೋ ಆ ಕೆಂಪು ಜ್ಯೇಷ್ಠಾಗೂ ಒಬ್ಬ ಸಂಗಾತಿ ಇರುವುದು 1819ರ ಏಪ್ರಿಲಿನಲ್ಲಿ ಚಂದ್ರ ಮರೆಮಾಡಿದಾಗಲೇ ವಿಯೆನ್ನಾದ ಬ್ಯುರ್ಗ್‌ಗೆ ಗೊತ್ತಾದದ್ದು. ಇಂದು ಪ್ರಯತ್ನಿಸಿ ನೋಡಬಹುದು. ಕೆಂಪು ದೈತ್ಯನ ಪ್ರಭೆಯಲ್ಲಿ ಅದು ಸಿಗುವುದು ಅಪರೂಪ, ಇವತ್ತು ಸಿಗಲಿಲ್ಲ.

“ಇವು ಯಾಕೆ ಇಷ್ಟು ನೀಲಿ?” ಹುಡುಗಿ ಕೇಳುತ್ತಾಳೆ. ಬಿಸಿ. ಸೂರ್ಯನ ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಇಲ್ಲಿನ ಹಿರಿಯ ನಕ್ಷತ್ರದ್ದು ಅದರ ಮೂರ್ನಾಲ್ಕು ಪಟ್ಟು. ಸೂರ್ಯನಿಗಿಂತ ಹಲವು ಪಟ್ಟು ತೂಕ, ಸಾವಿರಾರು ಪಟ್ಟು ಬೆಳಕು. ಸಿ ಎಂಬುದು ವಿಚಿತ್ರದ್ದು, ಅದರ ರೋಹಿತದಲ್ಲಿ ಸಿಲಿಕಾನ್ ಗೆರೆಗಳು ಅತಿ ಗಾಢ. ಈ ಸಂಸಾರದ ಬೆಳಕು ಸುತ್ತಲಿನ ಧೂಳಿನ ಮೇಲೆ ಬಿದ್ದು ನೀಲಿಯಾಗಿ ಚದುರುತ್ತದೆ. ಕತ್ತಲೆ ಊರಿನಲ್ಲಿ ಗಂಟೆಗಟ್ಟಲೆ ಫೋಟೋ ತೆಗೆದರೆ ಅಲ್ಲೊಂದು ಕುದುರೆಯ ಮುಖ ಮೂಡುತ್ತದೆ, ಐಸಿ 4592 ಎಂಬ ನೀಹಾರಿಕೆ. ಡೊಂಬಿವಲಿಗೆ ಅದರ ಋಣ ಇಲ್ಲ.

ದೂರ ಸುಮಾರು 470 ಜ್ಯೋತಿರ್ವರ್ಷ. ನಿಮ್ಮ ಕಣ್ಣಿಗೆ ಈಗ ಬಿದ್ದ ಬೆಳಕು ಹೊರಟಾಗ ಠಾಣೆ ಪೋರ್ಚುಗೀಸರ ಕೈಯಲ್ಲಿತ್ತು, ತಾಳಿಕೋಟೆ ಯುದ್ಧ ಇನ್ನೂ ಆಗಿರಲಿಲ್ಲ, ಹಂಪಿಯ ಬಜಾರಿನಲ್ಲಿ ಜನವಿದ್ದರು. ಹುಡುಗಿಗೆ ಇದು ರುಚಿಸುತ್ತದೆ. ನನಗೆ ಇನ್ನೊಂದು ಲೆಕ್ಕ ಹೆಚ್ಚು ಸೇರುತ್ತದೆ. ಎಡಕ್ಕೆ ತಿರುಗಿ ಆಗ್ನೇಯಕ್ಕೆ ನೋಡಿ: ಮಬ್ಬಿನಲ್ಲಿ ಮಲಂಗಗಡದ ಕಪ್ಪು ಅಂಚು ಊಹೆಗೆ ಸಿಗುತ್ತದೆ. ಆ ಬಸಾಲ್ಟ್ ಕಲ್ಲು ದಖ್ಖನಿನ ಲಾವಾ ಹರಿದು ಹೆಪ್ಪುಗಟ್ಟಿದ್ದು, ಸುಮಾರು ಆರೂವರೆ ಕೋಟಿ ವರ್ಷದ್ದು. ನ್ಯೂ ಸ್ಕಾರ್ಪಿಯೈ ಸೇರಿರುವ ನಕ್ಷತ್ರ ಸಮೂಹದ ವಯಸ್ಸು ಹೆಚ್ಚೆಂದರೆ ಒಂದು ಕೋಟಿಯ ಆಸುಪಾಸು. ನಕ್ಷತ್ರಗಳೇ ಪುರಾತನ, ಬೆಟ್ಟ ನಿನ್ನೆಯದು ಎಂದುಕೊಂಡಿದ್ದೆವಲ್ಲ, ಇಲ್ಲಿ ತಿರುವುಮುರುವು. ಈ ಗುಡ್ಡ ತಣ್ಣಗಾಗಿ, ಮಳೆಗೆ ಸವೆದು, ಕಾಡು ಬೆಳೆದು ಎಷ್ಟೋ ಕಾಲವಾದ ಮೇಲೆ ಅದರ ನೆತ್ತಿಯ ಮೇಲೆ ಆ ಏಳು ಹೊತ್ತಿಕೊಂಡವು. ಭಾರದ ನಕ್ಷತ್ರಗಳು ಬೇಗ ಉರಿದು ಮುಗಿಯುತ್ತವೆ, ಹಿರಿಯದು ಗುಡ್ಡಕ್ಕಿಂತ ಮೊದಲೇ ಮುಗಿದರೂ ಆಶ್ಚರ್ಯವಿಲ್ಲ.

ಎರಡು ದಾಟಿತು. ಚೇಳು ಪಶ್ಚಿಮಕ್ಕೆ ವಾಲಿದೆ. ಟೆಲಿಸ್ಕೋಪನ್ನು ನೆತ್ತಿಯ ಹತ್ತಿರಕ್ಕೆ ಎತ್ತಿ; ಸರ್ಪಧರನಲ್ಲಿ ಒಂದು ಸಾಧಾರಣ ನಕ್ಷತ್ರವಿದೆ, 70 ಆಫಿಯೂಕಿ, ಹದಿನೇಳು ಜ್ಯೋತಿರ್ವರ್ಷದೊಳಗೆ. ಜೇಕಬನ ಬಗ್ಗೆ ಹೇಳಿದ್ದು ಮುಗಿದಿಲ್ಲ. ಪುಣೆಯಿಂದ ಅವನು ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥನಾಗಿ ಹೋದ. 1855ರಲ್ಲಿ ಅಲ್ಲಿಂದ ಬರೆದ ಲೇಖನದಲ್ಲಿ, ಈ ಜೋಡಿಯ ಸುತ್ತಾಟ ಲೆಕ್ಕಕ್ಕೆ ಸರಿಹೊಂದುತ್ತಿಲ್ಲ, ಕಣ್ಣಿಗೆ ಬೀಳದ ಒಂದು ಗ್ರಹ ಎಳೆಯುತ್ತಿರಬೇಕು ಎಂದ. ಬೇರೆ ಸೂರ್ಯನ ಸುತ್ತ ಗ್ರಹವಿದೆ ಎಂದು ಅಳತೆಯ ಆಧಾರದ ಮೇಲೆ ಹೇಳಿದ ಮೊದಲ ಮಾತುಗಳಲ್ಲಿ ಅದೊಂದು. ಗ್ರಹ ಇರಲಿಲ್ಲ. 1862ರಲ್ಲಿ, ಪುಣೆಯ ಬಳಿಯ ಪುರಂದರ ಬೆಟ್ಟದ ಮೇಲೆ ವೀಕ್ಷಣಾಲಯ ಕಟ್ಟುವ ಆಸೆ ಹೊತ್ತು ಅವನು ಮತ್ತೆ ಮುಂಬಯಿಗೆ ಬಂದಿಳಿದ. ಭೋರ್ ಘಾಟಿನ ರೈಲು ಇನ್ನೂ ಆಗಿರಲಿಲ್ಲ. ಪುಣೆಗೆ ಹೋಗುವವರು ಠಾಣೆ, ಕಲ್ಯಾಣ ದಾಟಿ ಘಟ್ಟದ ಬುಡದವರೆಗೆ ಗಾಡಿಯಲ್ಲಿ, ಅಲ್ಲಿಂದ ಘಟ್ಟ ಹತ್ತುವುದು ರಸ್ತೆಯಲ್ಲಿ. ಅವನೂ ಹಾಗೇ ಹೋಗಿರಬೇಕು, ಆಗಲೇ ಹಾರ್ನು ಕೇಳಿಸಿದ ಈ ದಾರಿಯಲ್ಲೇ, ಆಗಸ್ಟಿನ ಮಳೆಯಲ್ಲಿ. ಪುಣೆ ತಲುಪಿದವನು ಅದೇ ತಿಂಗಳು ತೀರಿಕೊಂಡ.

“ಗ್ರಹ ಇಲ್ಲ ಅಂದ್ರೆ ಅವ್ರ ಲೆಕ್ಕದಲ್ಲಿ ತಪ್ಪೆಲ್ಲಿ ಕಾಕಾ?”

ಲೆಕ್ಕದಲ್ಲಿ ಅಲ್ಲ, ಅಳತೆಯಲ್ಲಿ. ಈ ಜೋಡಿಗೆ ಒಂದು ಸುತ್ತು 88 ವರ್ಷ. ಹರ್ಷೆಲ್ ಮೊದಲು ನೋಡಿದ್ದು 1779ರಲ್ಲಿ, ಹಾಗಾಗಿ ಜೇಕಬನ ಕೈಯಲ್ಲಿ ಒಂದು ಪೂರ್ತಿ ಸುತ್ತೂ ಇರಲಿಲ್ಲ. ಇದ್ದದ್ದು ಹತ್ತಾರು ಜನರ ಹತ್ತಾರು ಕಣ್ಣಿನ ಅಂದಾಜು. ಅರ್ಧ ಆರ್ಕ್ ಸೆಕೆಂಡು ಅತ್ತಿತ್ತ ಆದರೆ ಸಾಕು, ಇಲ್ಲದ ಗ್ರಹ ಹುಟ್ಟಿಕೊಳ್ಳುತ್ತದೆ.

ಅವಳು ಐಪೀಸಿಗೆ ಬಗ್ಗುತ್ತಾಳೆ. ಹಳದಿ ಒಂದು, ಅದಕ್ಕಿಂತ ಮಂಕಾದ ಕಿತ್ತಳೆ ಒಂದು. ನಡುವಿನ ಅಂತರ ಎಷ್ಟಿರಬಹುದು, ಆಗಲೇ ನೋಡಿದ ಬೀಟಾ ಸ್ಕಾರ್ಪಿಯೈ ಜೊತೆ ಹೋಲಿಸಿ ಹೇಳು ಅನ್ನಿ. ಅವಳು ಆರು ಅನ್ನುತ್ತಾಳೆ. ನೀವು ನೋಡಿ. ಎಂಟು ಅನಿಸುತ್ತದಲ್ಲವೇ? ಸರಿ, ಮತ್ತೊಮ್ಮೆ ಅವಳ ಸರದಿ, ಕೊಳವೆಯನ್ನು ಸ್ವಲ್ಪ ಎಡಕ್ಕೆ ತಳ್ಳಿ ಕೊಡಿ.